ಕಸದ ಗುಡ್ಡೆ ಎತ್ತಲು ಹಣವಿದೆ, ಅದರಡಿಯ ನೆಲಕ್ಕೆ ಏಕಿಲ್ಲ?

ಸಂಪಾದಕರಿಗೆ,

ಮಾನ್ಯರೇ,

ರಾಜ್ಯದ ಅನೇಕ ಊರುಗಳಲ್ಲಿ ಹಳೆಯ ಕಸದ ಗುಡ್ಡೆಗಳನ್ನು ಅಗೆದು, ಜರಡಿ ಹಿಡಿದು, ಜಾಗ ತೆರವು ಮಾಡುವ ಬಯೋಮೈನಿಂಗ್ ಕೆಲಸ ನಡೆಯುತ್ತಿದೆ. ತೆರವಾದ ಜಾಗದಲ್ಲಿ ಉದ್ಯಾನ, ಆಟದ ಮೈದಾನ, ಸಮುದಾಯ ಭವನ ಮಾಡುವ ಭರವಸೆಗಳೂ ಕೇಳಿಬರುತ್ತಿವೆ. ಭರವಸೆ ಒಳ್ಳೆಯದೇ. ದಶಕಗಟ್ಟಲೆ ನಾತ, ನೊಣ, ಹೊಗೆ ಸಹಿಸಿಕೊಂಡ ಬಡಾವಣೆಗಳಿಗೆ ಆ ನೆಲ ಮರಳಿ ಸಿಗಲೇಬೇಕು. ಆದರೆ ಈ ಕೆಲಸಕ್ಕೆ ಸಾರ್ವಜನಿಕ ಹಣ ಹರಿದುಬರುವುದು ಟನ್ ಲೆಕ್ಕದಲ್ಲಿ. ಎಷ್ಟು ಟನ್ ಎತ್ತಿದರು ಎಂಬುದಕ್ಕೆ ಬಿಲ್ಲಾಗುತ್ತದೆ. ಎತ್ತಿದ ಮೇಲೆ ಉಳಿದ ಮಣ್ಣು ಹೇಗಿದೆ, ಅಡಿಯ ನೀರು ಹೇಗಿದೆ, ಅಲ್ಲಿ ಮಕ್ಕಳು ಆಡಬಹುದೇ ಎಂದು ನೋಡುವುದಕ್ಕೆ ಅನುದಾನದಲ್ಲಿ ಪ್ರತ್ಯೇಕ ಬಾಬ್ತೇ ಇಲ್ಲ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಾಗಿ ನಮ್ಮ ಒತ್ತಾಯ ಒಂದೇ: ಗುಡ್ಡೆಗೆ ಇಟ್ಟಂತೆ ನೆಲಕ್ಕೂ ಹಣ ಇಡಿ, ಮತ್ತು ಅದನ್ನು ಮೊದಲೇ ಬೇರೆ ಮಾಡಿ ಇಡಿ.

ಮೊದಲು ಲೆಕ್ಕ ನೋಡೋಣ. ಸ್ವಚ್ಛ ಭಾರತ ಮಿಷನ್ ನಗರ 2.0 ಯೋಜನೆ 2021ರ ಅಕ್ಟೋಬರ್ 1ರಂದು ಶುರುವಾಯಿತು. ಹಳೆಯ ಕಸಕ್ಕೆ ಟನ್ನಿಗೆ 550 ರೂಪಾಯಿ ಎಂಬ ದರವನ್ನು ಆಧಾರವಾಗಿಟ್ಟುಕೊಂಡು ಕೇಂದ್ರ ತನ್ನ ಪಾಲು ಕೊಡುತ್ತದೆ. ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿಗೆ ಅರ್ಧ, ಒಂದರಿಂದ ಹತ್ತು ಲಕ್ಷದವರೆಗಿನ ನಗರಕ್ಕೆ ಶೇ 33, ಅದಕ್ಕಿಂತ ದೊಡ್ಡ ನಗರಕ್ಕೆ ಶೇ 25. ಮೂರು ಲಕ್ಷ ಜನರಿರುವ ಒಂದು ನಗರದಲ್ಲಿ 2 ಲಕ್ಷ ಟನ್ ಹಳೆಯ ಕಸ ಇದೆ ಎನ್ನಿ. ಈ ದರದಲ್ಲಿ ಒಟ್ಟು 11 ಕೋಟಿ ರೂಪಾಯಿ. ಕೇಂದ್ರದಿಂದ 3.63 ಕೋಟಿ. ಉಳಿದ 7.37 ಕೋಟಿ ರಾಜ್ಯ ಮತ್ತು ನಗರಸಭೆ ಹೊಂದಿಸಬೇಕು. ಅಗೆತ, ಜರಡಿ, ಸಾಗಣೆ ಎಲ್ಲವೂ ಈ 11 ಕೋಟಿಯಲ್ಲೇ ಮುಗಿಯಬೇಕು. ಕೈ ಬಿಗಿ ಹಿಡಿಯಬೇಕಾದಾಗ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಕೆಲಸಗಳ ಮೇಲೆ, ಅಂದರೆ ಪರೀಕ್ಷೆ, ಕೊಳಚೆ ರಸದ ಸಂಗ್ರಹ ಮತ್ತು ಕೊನೆಯ ಮಣ್ಣಿನ ಹೊದಿಕೆಯ ಮೇಲೆ.

ಟನ್ ಲೆಕ್ಕದ ಪಾವತಿಗೆ ಇನ್ನೊಂದು ದೋಷವಿದೆ. ಕಸ ಒದ್ದೆಯಾದಷ್ಟೂ ತೂಗುತ್ತದೆ. ಶೇ 15ರಷ್ಟು ತೇವಾಂಶ ಇರುವ 1 ಲಕ್ಷ ಟನ್ ಕಸದಲ್ಲಿ ಒಣ ಪದಾರ್ಥ 85,000 ಟನ್. ಅದೇ ಕಸ ಮಳೆಯಲ್ಲಿ ನೆನೆದು ತೇವಾಂಶ ಶೇ 30ಕ್ಕೆ ಏರಿದರೆ ವೇಬ್ರಿಡ್ಜ್‌ನಲ್ಲಿ ಸುಮಾರು 1,21,400 ಟನ್ ತೋರಿಸುತ್ತದೆ. ಒಂದು ಹಿಡಿ ಕಸವೂ ಹೆಚ್ಚಿಲ್ಲ, ಬಿಲ್ಲು ಮಾತ್ರ 1.18 ಕೋಟಿ ರೂಪಾಯಿ ಹೆಚ್ಚಾಗಿರುತ್ತದೆ. ಇದಕ್ಕೆ ಯಾರನ್ನೂ ಅನುಮಾನಿಸಬೇಕಿಲ್ಲ, ಕರಾರಿನ ರಚನೆಯೇ ಹಾಗಿದೆ. ಪರಿಹಾರವೂ ಗೊತ್ತಿರುವುದೇ. ಪ್ರತಿ ಪಾಳಿಯಲ್ಲಿ ತೇವಾಂಶ ಅಳೆದು ಒಣ ತೂಕಕ್ಕೆ ಪರಿವರ್ತಿಸಬೇಕು. ತಿಂಗಳಿಗೊಮ್ಮೆ ಡ್ರೋನ್ ಸಮೀಕ್ಷೆ ಮಾಡಿ ಗುಡ್ಡೆಯ ಗಾತ್ರ ಎಷ್ಟು ಇಳಿದಿದೆ ಎಂದು ನೋಡಿ, ತೂಕದ ಲೆಕ್ಕದೊಂದಿಗೆ ತಾಳೆ ಹಾಕಬೇಕು. ಗಾತ್ರದಿಂದ ತೂಕಕ್ಕೆ ಹೋಗಲು ಸಾಂದ್ರತೆ ಬೇಕು. ಅದನ್ನು ಊಹಿಸಬಾರದು. ಗುಡ್ಡೆಯ ಬೇರೆ ಬೇರೆ ಕಡೆ, ಬೇರೆ ಬೇರೆ ಆಳದಲ್ಲಿ ಒಂದು ಘನ ಮೀಟರ್ ಗುಂಡಿ ತೋಡಿ, ತೆಗೆದಿದ್ದನ್ನು ತೂಗಿಯೇ ತಿಳಿಯಬೇಕು. ಹೊಸ ಕಸ ಅದೇ ಆವರಣಕ್ಕೆ ಬರುತ್ತಿದ್ದರೆ ಅದರ ತೂಕದ ಪುಸ್ತಕ ಬೇರೆ ಇರಬೇಕು. ಇಲ್ಲದಿದ್ದರೆ ನಿನ್ನೆ ಸುರಿದದ್ದು ಇಂದು ಹಳೆಯ ಕಸವಾಗಿ ಬಿಲ್ಲಿಗೆ ಸೇರುತ್ತದೆ.

ಇಂದೋರ್ ನಗರದ ಉದಾಹರಣೆಯನ್ನು ಎಲ್ಲರೂ ಹೇಳುತ್ತಾರೆ. 2018ರಲ್ಲಿ ದೇವಗುರಾಡಿಯಾದ ಸುಮಾರು 13 ಲಕ್ಷ ಟನ್ ಕಸವನ್ನು ಆ ಪಾಲಿಕೆ ವಿಂಗಡಿಸಿ ಸುಮಾರು 100 ಎಕರೆ ತೆರವು ಮಾಡಿತು. ಯಂತ್ರಗಳನ್ನು ಬಾಡಿಗೆಗೆ ತಂದು, ತನ್ನದೇ ಸಿಬ್ಬಂದಿಯ ಉಸ್ತುವಾರಿಯಲ್ಲಿ ಎರಡು ಪಾಳಿ ಓಡಿಸಿದ್ದರಿಂದ ವೆಚ್ಚ 10 ಕೋಟಿ ರೂಪಾಯಿಯೊಳಗೆ ಮುಗಿಯಿತು. ನಮ್ಮಲ್ಲಿ ಅಗ್ಗದ ದರವನ್ನು ಮಾತ್ರ ನೆನಪಿಟ್ಟುಕೊಂಡು ಉಸ್ತುವಾರಿಯನ್ನು ಮರೆಯುವುದುಂಟು. ಯಂತ್ರದ ಗಂಟೆ ಎಣಿಸುವ, ಜರಡಿಯಿಂದ ಬಿದ್ದದ್ದನ್ನು ಕೈಯಲ್ಲಿ ಹಿಡಿದು ನೋಡುವ ಎಂಜಿನಿಯರ್ ಜಾಗದಲ್ಲಿ ನಿಂತಿರದಿದ್ದರೆ ಆ ದರ ನಮಗೆ ಎಟುಕುವುದಿಲ್ಲ.

ಕೆಲಸ ಶುರುವಾಗುವ ಮೊದಲೇ ಆಗಬೇಕಾದ್ದು ಅಡಿ ಎಲ್ಲಿದೆ ಎಂದು ಹುಡುಕುವುದು. ಬೆಂಗಳೂರಿನ ಉತ್ತರಕ್ಕೆ ಮಿಟ್ಟಗಾನಹಳ್ಳಿ, ಬೆಳ್ಳಹಳ್ಳಿಗಳಲ್ಲಿ ಕಸ ಸುರಿದದ್ದು ಹಳೆಯ ಕಲ್ಲು ಕ್ವಾರಿಗಳಿಗೆ. ಮೇಲಿನಿಂದ ಹಾರುವ ಡ್ರೋನ್‌ಗೆ ಗುಡ್ಡೆಯ ಮೇಲ್ಮೈ ಕಾಣುತ್ತದೆಯೇ ಹೊರತು ಗುಂಡಿಯ ತಳ ಕಾಣುವುದಿಲ್ಲ. ಸುತ್ತಲಿನ ನೆಲಮಟ್ಟವನ್ನೇ ತಳ ಎಂದು ಭಾವಿಸಿ ಅಂದಾಜು ಮಾಡಿದರೆ ಅರ್ಧ ಕೆಲಸ ಆಗುವಾಗಲೇ ಹಣ ಮುಗಿದಿರುತ್ತದೆ. ಕ್ವಾರಿಗೆ ಇನ್ನೊಂದು ಅಪಾಯವೂ ಇದೆ. ಸಿಡಿಮದ್ದು ಹಾಕಿ ಒಡೆದ ಕಲ್ಲಿನಲ್ಲಿ ಬಿರುಕುಗಳು ಹೆಚ್ಚು. ಕಸದಿಂದ ಒಸರುವ ಕಪ್ಪು ರಸ, ನಾವು ಲೀಚೆಟ್ ಎನ್ನುವುದು, ಆ ಬಿರುಕುಗಳಿಗೆ ಇಳಿದರೆ ಮಣ್ಣಿನ ಸೋಸುವಿಕೆಯೇ ಇಲ್ಲದೆ ಕೊಳವೆಬಾವಿಗಳ ನೀರಿಗೆ ಸೇರುತ್ತದೆ. ಬಿರುಕು ಯಾವ ದಿಕ್ಕಿಗೆ ಓಡುತ್ತದೋ ನೀರೂ ಆ ದಿಕ್ಕಿಗೇ ಹೋಗುವುದರಿಂದ, ಕೂಗಳತೆಯ ಬಾವಿ ಚೆನ್ನಾಗಿದ್ದು ದೂರದ ಬಾವಿ ಕೆಟ್ಟಿರುವುದೂ ಇದೆ. ಹಾಗಾಗಿ ಗುಡ್ಡೆಯ ಮೂಲಕ ತಳದ ಕಲ್ಲು ಸಿಗುವವರೆಗೆ ಬೋರ್ ಕೊರೆದು ನೋಡಬೇಕು. ಸುತ್ತಲಿನ ಬಾವಿಗಳಲ್ಲಿ ನೀರಿನ ಮಟ್ಟ ಅಳೆದು ಹರಿವಿನ ದಿಕ್ಕು ಗುರುತಿಸಬೇಕು. ಮೇಲ್ಭಾಗದ ಕನಿಷ್ಠ ಒಂದು, ಕೆಳಭಾಗದ ಕನಿಷ್ಠ ಮೂರು ಬಾವಿಗಳ ನೀರನ್ನು ಮುಂಗಾರಿಗೆ ಮೊದಲು ಒಮ್ಮೆ, ನಂತರ ಒಮ್ಮೆ ಪರೀಕ್ಷಿಸಬೇಕು. ಕ್ಲೋರೈಡ್, ನೈಟ್ರೇಟ್, ಅಮೋನಿಯಾ, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಇವಿಷ್ಟನ್ನಾದರೂ ನೋಡಲೇಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ, ಸೀಸ 0.01, ಕ್ಯಾಡ್ಮಿಯಂ 0.003, ಕ್ರೋಮಿಯಂ 0.05 ಮಿಲಿಗ್ರಾಂ ಮಿತಿ. ಕೆಲಸಕ್ಕೆ ಮೊದಲು ಈ ಅಂಕಿ ಇರದಿದ್ದರೆ ಕೆಲಸದ ನಂತರ ನೆಲ ಸುಧಾರಿಸಿತೋ ಹದಗೆಟ್ಟಿತೋ ಹೇಳಲು ಯಾರಿಂದಲೂ ಆಗದು.

ಅಗೆಯುವ ವಿಧಾನದಲ್ಲಿ ಅವಸರ ಮಾಡಿದರೆ ಜೀವಕ್ಕೇ ಅಪಾಯ. ಮಂಗಳೂರಿನ ಪಚ್ಚನಾಡಿಯ ಗುಡ್ಡೆ 2019ರ ಆಗಸ್ಟ್ ಮಳೆಗೆ ಜಾರಿ ಪಕ್ಕದ ಮಂದಾರ ಪ್ರದೇಶದ ಮನೆಗಳನ್ನೂ ಅಡಿಕೆ, ತೆಂಗಿನ ತೋಟಗಳನ್ನೂ ಮುಚ್ಚಿದ್ದನ್ನು ಕರಾವಳಿಯವರು ಮರೆತಿಲ್ಲ. ಗುಡ್ಡೆಯ ಬುಡವನ್ನು ಜೆಸಿಬಿಯಿಂದ ನೇರವಾಗಿ ಕೊರೆದರೆ ಮೇಲಿನ ಭಾರ ಕುಸಿಯುತ್ತದೆ. ಮೇಲಿನಿಂದ ಕೆಳಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ತೆಗೆದ ಕಸವನ್ನು ಎರಡು ಮೀಟರ್‌ಗಿಂತ ಎತ್ತರವಾಗದಂತೆ ಉದ್ದನೆಯ ಸಾಲುಗಳಾಗಿ ಒಡ್ಡಿ, ಸೂಕ್ಷ್ಮಾಣುಜೀವಿಗಳ ದ್ರಾವಣ ಸಿಂಪಡಿಸಿ, ವಾರ, ಹತ್ತು ದಿನಕ್ಕೊಮ್ಮೆ ಮಗುಚಬೇಕು. ಮೂರು, ನಾಲ್ಕು ಸಲ ಮಗುಚಿದ ಮೇಲೆ ಸಾಲು ಬಿಸಿಯಾಗುವುದು ನಿಂತು, ನಾತ ಇಳಿದು, ಕಸ ಉದುರುದುರಾಗುತ್ತದೆ. ಈ ಹಂತವನ್ನು ಹಾರಿಸಿ ನೇರವಾಗಿ ಟ್ರೊಮೆಲ್‌ಗೆ, ಅಂದರೆ ತಿರುಗುವ ಜರಡಿ ಯಂತ್ರಕ್ಕೆ, ಹಾಕಿದರೆ ಒದ್ದೆ ಮಣ್ಣು ಜರಡಿಯ ಕಣ್ಣು ಮುಚ್ಚಿಬಿಡುತ್ತದೆ. ಆಗ ಮಣ್ಣು ಪ್ಲಾಸ್ಟಿಕ್ ಜೊತೆಗೇ ಹೊರಬೀಳುತ್ತದೆ, ಎರಡೂ ಉಪಯೋಗಕ್ಕೆ ಬಾರದಂತಾಗುತ್ತವೆ. ಮಳೆಗಾಲದಲ್ಲಿ ತಾಡಪಾಲು ಅಥವಾ ಶೆಡ್ ಇಲ್ಲದೆ ಜರಡಿ ಹಿಡಿಯುವುದು ಡೀಸೆಲ್ ಸುಡುವ ಕೆಲಸವಷ್ಟೇ. ಕರಾವಳಿ, ಮಲೆನಾಡಿನ ಊರುಗಳಿಗೆ ವರ್ಷದಲ್ಲಿ ಏಳು ತಿಂಗಳು ಕೆಲಸ ಎಂದೇ ಕರಾರು ಬರೆಯುವುದು ಪ್ರಾಮಾಣಿಕತೆ.

ಬೆಂಕಿಯ ಮಾತೂ ಹೇಳಬೇಕು. ಹಳೆಯ ಗುಡ್ಡೆಯೊಳಗೆ ವರ್ಷಗಟ್ಟಲೆ ಕೆಂಡ ಹುದುಗಿರುತ್ತದೆ. ಅಗೆದಾಗ ಗಾಳಿ ಸೋಕಿ ಹತ್ತಿಕೊಳ್ಳುತ್ತದೆ. ಟ್ಯಾಂಕರ್‌ಗಟ್ಟಲೆ ನೀರು ಸುರಿಯುವುದು ಮೊದಲ ಉಪಾಯವಾಗಬಾರದು. ಮೇಲೆ ಆರಿದಂತೆ ಕಂಡು ಒಳಗೆ ಉರಿಯುತ್ತಲೇ ಇರುತ್ತದೆ, ಸುರಿದ ನೀರೆಲ್ಲ ಲೀಚೆಟ್ ಆಗಿ ಕೆಳಗಿಳಿಯುತ್ತದೆ. ಹೊತ್ತಿದ ಭಾಗವನ್ನು ಕಿತ್ತು ತೆಳುವಾಗಿ ಹರಡಿ, ಮಣ್ಣು ಮುಚ್ಚಿ ಉಸಿರುಗಟ್ಟಿಸಬೇಕು. ಅದಕ್ಕೆ ಜಾಗದಲ್ಲೇ ಮಣ್ಣಿನ ರಾಶಿ ಮತ್ತು ಮೀಥೇನ್ ಅಳೆಯುವ ಕೈಯಂತ್ರ ಇರಬೇಕು. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರ ನಡುವೆ ಇದ್ದರೆ ಒಂದು ಕಿಡಿ ಸಾಕು.

ಜರಡಿಯಿಂದ ಬರುವುದರಲ್ಲಿ ಎರಡು ಭಾಗಗಳ ಬಗ್ಗೆ ಹೆಚ್ಚು ಹೇಳಬೇಕು. ಒಂದು, ಸುಡಬಹುದಾದ ಪ್ಲಾಸ್ಟಿಕ್, ಬಟ್ಟೆಚೂರುಗಳ ಆರ್‌ಡಿಎಫ್, ಅಂದರೆ ಕಸದಿಂದ ಸಿಗುವ ಇಂಧನ. ಕಿಲೋಗೆ 1,500 ಕಿಲೋಕ್ಯಾಲರಿಗಿಂತ ಹೆಚ್ಚು ಶಾಖಮೌಲ್ಯದ ಕಸವನ್ನು ಭೂಭರ್ತಿಗೆ (ಕಸ ಹೂಳುವ ಜಾಗಕ್ಕೆ) ಹಾಕಬಾರದು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಅದು ಹೋಗಬೇಕಾದದ್ದು ಸಿಮೆಂಟ್ ಗೂಡಿಗೆ. ನಮ್ಮ ಸಿಮೆಂಟ್ ಕಾರ್ಖಾನೆಗಳು ಹೆಚ್ಚಾಗಿರುವುದು ಕಲಬುರಗಿ, ಬಾಗಲಕೋಟೆ ಕಡೆ. ಬೆಂಗಳೂರು, ಮಂಗಳೂರಿನಿಂದ ವಾಡಿಗೆ 500 ಕಿಲೋಮೀಟರ್‌ಗೂ ಹೆಚ್ಚು ದೂರ. ಆರ್‌ಡಿಎಫ್ ಹಗುರ, ಲಾರಿ ತುಂಬಿದರೂ ತೂಕ ಬರುವುದಿಲ್ಲ. ಬೇಲ್ ಕಟ್ಟುವ ಯಂತ್ರವಿಲ್ಲದೆ ಕಳಿಸಿದರೆ ಬಾಡಿಗೆಯೇ ಎಲ್ಲವನ್ನೂ ನುಂಗುತ್ತದೆ. ಮಣ್ಣು ಮೆತ್ತಿದ, ಒದ್ದೆ ಪ್ಲಾಸ್ಟಿಕ್ಕನ್ನು ಕಾರ್ಖಾನೆ ವಾಪಸ್ ಕಳಿಸುತ್ತದೆ, ಏಕೆಂದರೆ ಮಣ್ಣು ಗೂಡಿನಲ್ಲಿ ಬೂದಿಯಾಗುತ್ತದೆ, ನೀರು ಶಾಖ ಕುಡಿಯುತ್ತದೆ. ಹಾಗೆ ವಾಪಸಾದದ್ದು ಎಲ್ಲಿಗೆ ಹೋಯಿತು ಎಂದು ಕೇಳಿ ನೋಡಿ. ಕಾರ್ಖಾನೆಯ ಗೇಟಿನ ಸ್ವೀಕೃತಿ ಚೀಟಿ ಇಲ್ಲದೆ ಆರ್‌ಡಿಎಫ್ ಬಿಲ್ಲು ಪಾಸಾಗಬಾರದು.

ಎರಡನೆಯದು ನುಣುಪು ಮಣ್ಣು. ಹಳೆಯ ಗುಡ್ಡೆಗಳಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಇದೇ ಇರುತ್ತದೆ. ಕಪ್ಪಗೆ, ಪುಡಿಪುಡಿಯಾಗಿ, ಗೊಬ್ಬರದಂತೆಯೇ ಕಾಣುತ್ತದೆ. ಹಾಗಾಗಿ ರೈತರಿಗೆ ಹಂಚುವುದು, ಪಾರ್ಕಿಗೆ ಹಾಕುವುದು, ತಗ್ಗು ನಿವೇಶನ ತುಂಬಿಸುವುದು ಸುಲಭದ ದಾರಿಯಾಗುತ್ತದೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟ್‌ನ ಕಿಲೋ ಒಂದರಲ್ಲಿ ಸೀಸ 100, ಕ್ರೋಮಿಯಂ 50, ನಿಕಲ್ 50, ಆರ್ಸೆನಿಕ್ 10, ಕ್ಯಾಡ್ಮಿಯಂ 5, ಪಾದರಸ 0.15 ಮಿಲಿಗ್ರಾಂ ಮೀರಬಾರದು. ಬ್ಯಾಟರಿ, ಟ್ಯೂಬ್‌ಲೈಟ್, ಬಣ್ಣದ ಡಬ್ಬ, ಗ್ಯಾರೇಜಿನ ಎಣ್ಣೆಬಟ್ಟೆ, ಆಸ್ಪತ್ರೆಯ ಕಸ ಎಲ್ಲವೂ ದಶಕಗಳ ಕಾಲ ಬೆರೆತ ರಾಶಿಯಿಂದ ಬಂದ ಮಣ್ಣು ಈ ಮಿತಿಯೊಳಗೆ ಇದೆ ಎಂದು ಪರೀಕ್ಷಿಸದೆ ಹೇಳುವಂತಿಲ್ಲ. ಗಾಜಿನ ಚೂರು, ಪ್ಲಾಸ್ಟಿಕ್‌ನ ಕಣ, ಉಪ್ಪಿನಂಶ ಬೇರೆ. ನಾವು ಕೇಳುವುದು ಇಷ್ಟು: ಪ್ರತಿ 500 ಟನ್ನಿಗೆ ಒಂದು ಮಿಶ್ರ ಮಾದರಿ, ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ, ವರದಿ ಬರುವವರೆಗೆ ಆ ರಾಶಿ ಜಾಗದಿಂದ ಕದಲಬಾರದು. ಮಿತಿ ದಾಟಿದ ಮಣ್ಣನ್ನು ಹೊಲಕ್ಕೂ ಪಾರ್ಕಿಗೂ ಕೊಡಬಾರದು. ರಸ್ತೆ ಒಡ್ಡಿನೊಳಗೆ, ನೀರು ತಾಗದಂತೆ ಮುಚ್ಚಿ ಹಾಕಬಹುದೇ ಎಂದು ನೋಡಬೇಕು, ಅದೂ ಆಗದಿದ್ದರೆ ವೈಜ್ಞಾನಿಕ ಭೂಭರ್ತಿಗೆ ಸಾಗಿಸಬೇಕು. ನಗರದ ವಿಷವನ್ನು ಗುಡ್ಡೆಯಿಂದ ತೆಗೆದು ರೈತನ ಗದ್ದೆಗೆ ಹರಡುವುದಕ್ಕೆ ಸಾರ್ವಜನಿಕ ಹಣ ಕೊಡುವುದು ತಪ್ಪು.

ಇನ್ನು ನೆಲದ ಮಾತು. ಕಸ ಪೂರ್ತಿ ಎತ್ತಿದ ದಿನ ಫೋಟೊ ತೆಗೆದು, ಕಡತ ಮುಚ್ಚುವುದು ರೂಢಿ. ಅಸಲಿ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ. ಇಪ್ಪತ್ತು, ಮೂವತ್ತು ವರ್ಷ ಲೀಚೆಟ್ ಕುಡಿದ ಮಣ್ಣು ಅಲ್ಲೇ ಇದೆ. ಹತ್ತು ಎಕರೆ ಎಂದರೆ ಸುಮಾರು 40,500 ಚದರ ಮೀಟರ್. ಮೂವತ್ತು ಮೀಟರಿಗೊಂದು ಬಿಂದುವಿನಂತೆ ಚೌಕಳಿ ಹಾಕಿದರೆ 45 ಬಿಂದು. ಪ್ರತಿ ಬಿಂದುವಿನಲ್ಲಿ ಮೇಲ್ಮೈ, ಅರ್ಧ ಮೀಟರ್, ಒಂದೂವರೆ ಮೀಟರ್ ಆಳದ ಮಾದರಿ ತೆಗೆದರೆ 135 ಮಾದರಿ. ಒಂದಕ್ಕೆ 10,000 ರೂಪಾಯಿ ಎಂದೇ ಇಟ್ಟುಕೊಂಡರೂ 13.5 ಲಕ್ಷ. ಮೇಲೆ ಹೇಳಿದ 11 ಕೋಟಿಯ ಯೋಜನೆಯಲ್ಲಿ ಇದು ಶೇ 1.25ಕ್ಕೂ ಕಡಿಮೆ. ಇಷ್ಟು ಚಿಕ್ಕ ಮೊತ್ತ ಉಳಿಸಲು ಹೋಗಿ ಹತ್ತು ಎಕರೆಯ ಬಗ್ಗೆ ಕುರುಡಾಗಿರುವುದನ್ನು ಯಾವ ಲೆಕ್ಕಪರಿಶೋಧಕರೂ ಒಪ್ಪಬಾರದು. ಚೌಕಳಿಯ ಜೊತೆಗೆ ಲೀಚೆಟ್ ನಿಲ್ಲುತ್ತಿದ್ದ ತಗ್ಗು, ಹಳೆಯ ಕಾಲುವೆ, ಆಸ್ಪತ್ರೆ ಅಥವಾ ಕಾರ್ಖಾನೆಯ ಕಸ ಸುರಿಯುತ್ತಿದ್ದ ಮೂಲೆ ಇವುಗಳಲ್ಲಿ ಹೆಚ್ಚುವರಿ ಮಾದರಿ ತೆಗೆಯಬೇಕು. ಆ ಮೂಲೆ ಯಾವುದು ಎಂದು ಪೌರಕಾರ್ಮಿಕರಿಗೂ ಚಿಂದಿ ಆಯುವವರಿಗೂ ಗೊತ್ತಿರುತ್ತದೆ. ಅವರನ್ನು ಕೇಳಿ ನಕ್ಷೆ ಬರೆಯುವುದಕ್ಕೆ ಖರ್ಚಿಲ್ಲ.

ವರದಿಯಲ್ಲಿ ಕೆಟ್ಟದ್ದು ಕಂಡರೆ ದಾರಿಗಳಿವೆ. ಮಾಲಿನ್ಯ ಮೇಲಿನ ಅರ್ಧ ಮೀಟರಿನಲ್ಲೇ ನಿಂತಿದ್ದರೆ ಕೆರೆದು ತೆಗೆಯಬಹುದು. ಆಳಕ್ಕಿಳಿದಿದ್ದರೆ ಮುಚ್ಚಿ ನೀರು ಇಳಿಯದಂತೆ ಮಾಡುವುದೇ ಮಿತವ್ಯಯದ ದಾರಿ. ಭೂಭರ್ತಿ ಮುಚ್ಚುವಾಗ ಹಾಕಬೇಕಾದ ಹೊದಿಕೆಯನ್ನು 2016ರ ನಿಯಮಗಳು ಬಿಡಿಸಿ ಹೇಳಿದ್ದವು: 60 ಸೆಂಟಿಮೀಟರ್ ಜೇಡಿಮಣ್ಣು, ಅದರ ಮೇಲೆ 15 ಸೆಂಟಿಮೀಟರ್ ನೀರು ಬಸಿಯುವ ಪದರ, ಅದರ ಮೇಲೆ ಗಿಡ ಬೆಳೆಯಲು 45 ಸೆಂಟಿಮೀಟರ್ ಮಣ್ಣು. ಹತ್ತು ಎಕರೆಗೆ 60 ಸೆಂಟಿಮೀಟರ್ ಜೇಡಿಮಣ್ಣು ಎಂದರೆ ಸುಮಾರು 24,300 ಘನ ಮೀಟರ್, ಹತ್ತು ಘನ ಮೀಟರಿನ ಟಿಪ್ಪರ್‌ನಲ್ಲಿ 2,400ಕ್ಕೂ ಹೆಚ್ಚು ಲೋಡು. ಇದು ಕೊನೆಗೆ ನೋಡಿಕೊಳ್ಳೋಣ ಎನ್ನುವ ಬಾಬ್ತಲ್ಲ, ಆರಂಭದ ಅಂದಾಜಿನಲ್ಲೇ ಇರಬೇಕು. ಮಣ್ಣನ್ನು ಯಾವುದೋ ಕೆರೆ ಏರಿಯಿಂದ, ಗೋಮಾಳದಿಂದ ಕೆರೆದು ತರುವುದಕ್ಕೂ ಅವಕಾಶ ಕೊಡಬಾರದು.

ಅದೇ ನಿಯಮಗಳಲ್ಲಿ ಇನ್ನೊಂದು ಮುಖ್ಯ ಮಾತಿತ್ತು. ವಿಧಿವತ್ತಾಗಿ ಮುಚ್ಚಿದ ಭೂಭರ್ತಿಯನ್ನು ಕೂಡ 15 ವರ್ಷ ನಿಗಾ ಇಟ್ಟು, ಅನಿಲ ಮತ್ತು ಲೀಚೆಟ್ ಮಾನಕದೊಳಗೆ ಇದೆ, ನೆಲ ಗಟ್ಟಿಯಾಗಿದೆ ಎಂದು ಖಚಿತವಾದ ಮೇಲಷ್ಟೇ ವಾಸ ಅಥವಾ ಬೇರೆ ಬಳಕೆಗೆ ಪರಿಗಣಿಸಬೇಕಿತ್ತು. ತಳಕ್ಕೆ ಪ್ಲಾಸ್ಟಿಕ್ ಹಾಸು ಹಾಸಿದ ಭೂಭರ್ತಿಗೇ ಇಷ್ಟು ಎಚ್ಚರಿಕೆ ಹೇಳಿರುವಾಗ, ಹಾಸೇ ಇಲ್ಲದೆ ಸುರಿದ ಹಳೆಯ ಗುಡ್ಡೆಯ ಜಾಗವನ್ನು ಕಸ ಎತ್ತಿದ ಮರುವರ್ಷವೇ ಮೈದಾನ ಮಾಡುವುದು ಹೇಗೆ ಸರಿ? ಕಸ ಹೋದ ಮೇಲೆ ಅನಿಲ ಕಡಿಮೆಯಾಗುತ್ತದೆ ನಿಜ. ನೆಲದ ಮಾಲಿನ್ಯ ತಾನಾಗಿ ಹೋಗುವುದಿಲ್ಲ.

ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆಂದೇ ಹೊಸ ನಿಯಮಗಳನ್ನು ಹೊರಡಿಸಿತು. ದೇಶದಲ್ಲಿ ಇಂಥ ನಿಯಮ ಬಂದದ್ದು ಇದೇ ಮೊದಲು, ನಾವು ಸ್ವಾಗತಿಸುತ್ತೇವೆ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ತಾಣಗಳ ಪಟ್ಟಿ ಕೊಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರೀಕ್ಷೆ ಮಾಡಬೇಕು, ಮಾಲಿನ್ಯ ಮಾಡಿದವರನ್ನು ಗುರುತಿಸಿ ಅವರಿಂದಲೇ ಖರ್ಚು ವಸೂಲು ಮಾಡಬೇಕು, ಹೊಣೆಗಾರರು ಸಿಗದಿದ್ದರೆ ಸರ್ಕಾರಗಳು ಭರಿಸಬೇಕು. ಆದರೆ ಕಸದ ಗುಡ್ಡೆಯ ಘನತ್ಯಾಜ್ಯದಿಂದಾದ ಮಾಲಿನ್ಯವನ್ನೂ ಗಣಿಗಾರಿಕೆಯ ಮಾಲಿನ್ಯವನ್ನೂ ಈ ನಿಯಮಗಳು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ, ಅವಕ್ಕೆ ಬೇರೆ ಕಾನೂನುಗಳಿವೆ ಎಂಬ ಕಾರಣಕ್ಕೆ. ಘನತ್ಯಾಜ್ಯ ಯೋಜನೆಯ ಹಣ ಗುಡ್ಡೆ ಎತ್ತಿದಲ್ಲಿಗೆ ನಿಲ್ಲುತ್ತದೆ, ಕಲುಷಿತ ತಾಣದ ನಿಯಮ ಗುಡ್ಡೆಯ ಜಾಗವನ್ನು ಮುಟ್ಟುವುದಿಲ್ಲ. ನಡುವಿನ ನೆಲ ಯಾರದೂ ಅಲ್ಲದಂತಾಗಿದೆ. ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಉಳಿದ ಗಣಿ ಮಣ್ಣಿನ ಸಯನೈಡ್ ದಿಬ್ಬಗಳ ಪಾಡೂ ಇದೇ. ಗಣಿ ಮುಚ್ಚಿದ್ದು 2001ರ ಫೆಬ್ರುವರಿಯಲ್ಲಿ. ಬೇಸಿಗೆ ಗಾಳಿಗೆ ಏಳುವ ದೂಳು ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಮನೆಗಳಿಗೆ ಇಂದಿಗೂ ನುಗ್ಗುತ್ತದೆ. 2024ರಲ್ಲಿ ರಾಜ್ಯ ಸಂಪುಟ 13 ದಿಬ್ಬಗಳ ಮರುಗಣಿಗಾರಿಕೆಗೆ ಒಪ್ಪಿಗೆ ಕೊಟ್ಟಿತು. ಚಿನ್ನ ತೆಗೆದ ಮೇಲೆ ಉಳಿಯುವ ಮಣ್ಣಿನ ಹೊಣೆ ಯಾರದು, ಅದಕ್ಕೆ ಎಷ್ಟು ಹಣ ಎಂಬುದು ಆ ಕರಾರಿನಲ್ಲೇ ಸ್ಪಷ್ಟವಾಗಿರಬೇಕು. ಹಾಗೆಯೇ, ಕೈಗಾರಿಕೆಯ ಅಪಾಯಕಾರಿ ರಾಸಾಯನಿಕ ಬೆರೆತಿರುವ ಕಸದ ಗುಡ್ಡೆಗಳನ್ನು ನೆಪ ಹೇಳದೆ ಶಂಕಿತ ತಾಣಗಳ ಪಟ್ಟಿಗೆ ಸೇರಿಸಿ ಪರೀಕ್ಷಿಸುವಂತೆ ಜಿಲ್ಲಾಧಿಕಾರಿಗಳಿಗೆ ಸರ್ಕಾರ ಸೂಚಿಸಬೇಕು.

ಹಣ ಎಲ್ಲಿಂದ ಎಂಬ ಪ್ರಶ್ನೆ ಸಹಜ. ಘನ ಮತ್ತು ದ್ರವ ತ್ಯಾಜ್ಯ ನಿರ್ವಹಣೆಯ ವೈಫಲ್ಯಕ್ಕಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ಕರ್ನಾಟಕಕ್ಕೆ 2,900 ಕೋಟಿ ರೂಪಾಯಿ ಪರಿಹಾರ ವಿಧಿಸಿ, ಅದನ್ನು ಪರಿಸರ ಸರಿಪಡಿಸುವ ಕೆಲಸಕ್ಕೇ ಬಳಸಲು ಪ್ರತ್ಯೇಕವಾಗಿ ಇಡಬೇಕೆಂದು ಹೇಳಿತ್ತು. ಅಂಥ ಪ್ರತ್ಯೇಕ ಖಾತೆಯಿಂದ ಮೊದಲು ಖರ್ಚಾಗಬೇಕಾದದ್ದು ಇಂಥ ನೆಲದ ಮೇಲೇ. ನಮ್ಮ ಅಂದಾಜಿನಲ್ಲಿ ಪ್ರತಿ ಯೋಜನೆಯ ವೆಚ್ಚದಲ್ಲಿ ಶೇ 5ನ್ನು ಆರಂಭದ ಪರೀಕ್ಷೆ ಮತ್ತು ಸಮೀಕ್ಷೆಗೆ, ಶೇ 15ನ್ನು ಅಡಿಯ ನೆಲ ಮತ್ತು ಹೊದಿಕೆಗೆ, ಶೇ 5ನ್ನು ಕನಿಷ್ಠ ಐದು ವರ್ಷದ ಬಾವಿ ನೀರಿನ ನಿಗಾಕ್ಕೆ ಎತ್ತಿಡಬೇಕು. ಈ ಮೂರನ್ನೂ ಗುತ್ತಿಗೆದಾರನ ಟನ್ ದರದೊಳಗೆ ಸೇರಿಸಬಾರದು. ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಹಣ ಕೊಡುವವನು ಅದೇ ಗುತ್ತಿಗೆದಾರನಾಗಿದ್ದರೆ ವರದಿಯ ಬೆಲೆ ಎಷ್ಟೆಂದು ಎಲ್ಲರಿಗೂ ಗೊತ್ತು. ಗುತ್ತಿಗೆಯ ಕೊನೆಯ ಕಂತನ್ನು ಮಣ್ಣಿನ ವರದಿ ಕೈಗೆ ಬರುವವರೆಗೆ ತಡೆಹಿಡಿಯಬೇಕು.

ಅಮೆರಿಕದಲ್ಲಿ 2002ರ ಬ್ರೌನ್‌ಫೀಲ್ಡ್ (ಹಿಂದಿನ ಬಳಕೆಯಿಂದ ಕಲುಷಿತವಾಗಿರಬಹುದಾದ ನೆಲ) ಕಾನೂನಿನಡಿ ಪರೀಕ್ಷೆಗೆ ಒಂದು ಅನುದಾನ, ಶುದ್ಧೀಕರಣಕ್ಕೆ ಇನ್ನೊಂದು ಅನುದಾನ ಎಂದು ಬೇರೆಬೇರೆ ಇವೆ. ಶುದ್ಧೀಕರಣದ ಹಣಕ್ಕೆ ಅರ್ಜಿ ಹಾಕುವ ಮೊದಲೇ ಕರಡನ್ನು ಜನರ ಮುಂದಿಟ್ಟು ಸಭೆ ಕರೆಯಬೇಕು. ನಾವು ಕಲಿಯಬೇಕಾದದ್ದು ಈ ಕ್ರಮ. ಮೊದಲು ತಿಳಿದುಕೊಳ್ಳಲು ಹಣ, ಆಮೇಲೆ ಮಾಡಲು ಹಣ, ನಡುವೆ ಜನರ ಮಾತು.

ಆ ಜನರ ಮಾತಿನಲ್ಲಿ ಚರ್ಚೆಯಾಗಬೇಕಾದದ್ದು ಬಳಕೆ. ಎಲ್ಲ ನೆಲವೂ ಎಲ್ಲ ಕೆಲಸಕ್ಕೂ ಆಗುವುದಿಲ್ಲ. ಮಣ್ಣಿನಲ್ಲಿ ಸೀಸ ಉಳಿದಿರುವ ಕಡೆ ಹೊದಿಕೆ ಹಾಕಿ ಮರ ಬೆಳೆಸಬಹುದು, ಸೌರಫಲಕ ಹಾಕಬಹುದು, ಕಾಂಕ್ರೀಟ್ ಹಾಸಿ ಒಣಕಸ ವಿಂಗಡಣಾ ಕೇಂದ್ರವನ್ನೋ ಬಸ್ ನಿಲುಗಡೆ ಜಾಗವನ್ನೋ ಮಾಡಬಹುದು. ಸಣ್ಣ ಮಕ್ಕಳು ಮಣ್ಣಿನಲ್ಲಿ ಆಡಿ ಕೈ ಬಾಯಿಗೆ ಹಾಕುತ್ತಾರೆ. ಅಂಥ ಮೈದಾನಕ್ಕೆ ಮಿತಿ ಕಟ್ಟುನಿಟ್ಟಾಗಿರಬೇಕು, ಶುದ್ಧ ಮಣ್ಣಿನ ದಪ್ಪ ಪದರ ಬೇಕು, ಅದರಡಿಯಲ್ಲಿ ಬಣ್ಣದ ಬಲೆ ಹಾಸಿರಬೇಕು. ಮುಂದೆ ಯಾರಾದರೂ ಕಂಬ ನೆಡಲು ಅಗೆದಾಗ ಬಲೆ ಕಂಡರೆ ಅಲ್ಲಿಗೆ ನಿಲ್ಲಿಸಬೇಕೆಂದು ಗೊತ್ತಾಗುತ್ತದೆ. ತರಕಾರಿ ತೋಟ, ಹೊಸ ಕೊಳವೆಬಾವಿ ಎರಡನ್ನೂ ಅಂಥ ಜಾಗದಲ್ಲಿ ನಿಷೇಧಿಸಿ ಪಹಣಿಯಲ್ಲಿ ದಾಖಲಿಸಬೇಕು. ಸಮುದಾಯ ಭವನ ಕಟ್ಟುವುದಾದರೆ ನೆಲಮಾಳಿಗೆ ಬೇಡ, ನೆಲದಡಿ ಗಾಳಿಯಾಡುವ ಪದರ ಬೇಕು. ಒಳಗಿನ ಗಾಳಿಯಲ್ಲಿ ಮೀಥೇನ್ ಕನಿಷ್ಠ ಸ್ಫೋಟಮಿತಿಯಾದ ಶೇ 5ರ ಕಾಲುಭಾಗ, ಅಂದರೆ ಶೇ 1.25, ಎಂದೂ ದಾಟದಂತೆ ಅಳೆಯುತ್ತಿರಬೇಕು.

ತೆರವಾದ ನೆಲದ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ನಗರದೊಳಗಿನ ಹತ್ತು ಎಕರೆಗೆ ಇಂದು ಎಷ್ಟು ಬೆಲೆ ಎಂದು ಬಿಡಿಸಿ ಹೇಳಬೇಕಿಲ್ಲ. ಕಸದ ನಾತ ಉಂಡ ಬಡಾವಣೆಯವರಿಗೆ ಒಂದು ಬೆಂಚೂ ಸಿಗದೆ ಆ ಜಾಗ ಹರಾಜಿಗೆ ಹೋಗುವುದಾಗಲಿ, ಖಾಲಿ ಬಿದ್ದಿದೆ ಎಂದು ಮತ್ತೆ ಹೊಸ ಕಸ ಸುರಿಯುವುದಾಗಲಿ ಆಗಬಾರದು. ಬಯೋಮೈನಿಂಗ್‌ಗೆ ಅನುದಾನ ಮಂಜೂರು ಮಾಡುವ ಆದೇಶದಲ್ಲೇ, ಎಷ್ಟು ಜಾಗ ಸಾರ್ವಜನಿಕ ಬಳಕೆಗೆ ಮೀಸಲು ಎಂದು ಸರ್ವೆ ನಂಬರ್ ಸಹಿತ ಬರೆಯಬೇಕು. ಮೈಸೂರಿನ ವಿದ್ಯಾರಣ್ಯಪುರಂ ಸೂಯೇಜ್ ಫಾರಂ ಇರಲಿ, ಮಂಡೂರು, ಮಾವಳ್ಳಿಪುರ, ಪಚ್ಚನಾಡಿ ಇರಲಿ, ಸುತ್ತಲಿನವರ ವಾರ್ಡ್ ಸಮಿತಿ ಅಥವಾ ಗ್ರಾಮಸಭೆಯ ಮುಂದೆ ಮಣ್ಣು, ನೀರಿನ ವರದಿಗಳನ್ನು ಕನ್ನಡದಲ್ಲಿ, ನಕ್ಷೆ ಸಮೇತ ಇಡಬೇಕು.

ಒಂದು ಕೆಲಸಕ್ಕೆ ಯಾವ ಮಂಜೂರಾತಿಗೂ ಕಾಯಬೇಕಿಲ್ಲ. ಮುಂದಿನ ಬೇಸಿಗೆಗೆ ಟೆಂಡರ್ ಕರೆಯಲಿರುವ ನಗರಸಭೆ, ಪುರಸಭೆಗಳು ಈ ಮಳೆಗಾಲದ ನಂತರ ಗುಡ್ಡೆಯ ಸುತ್ತಲಿನ ನಾಲ್ಕು ಬಾವಿಗಳ ನೀರನ್ನು ಪರೀಕ್ಷಿಸಿ, ಬಾವಿಯ ಜಾಗ, ಆಳ, ದಿನಾಂಕ ಸಹಿತ ವರದಿಯನ್ನು ಟೆಂಡರ್ ದಾಖಲೆಗೇ ಲಗತ್ತಿಸಲಿ. ಬಾವಿಗಳ ಮಾಲೀಕರಿಗೂ ಅದರ ಪ್ರತಿ ಕೊಡಲಿ. ಅವರು ಆ ನೀರನ್ನೇ ಕುಡಿಯುತ್ತಿದ್ದಾರೆ.

— ಘನತ್ಯಾಜ್ಯ, ಮಣ್ಣು ಮತ್ತು ಅಂತರ್ಜಲ ಪರೀಕ್ಷೆಯ ಕ್ಷೇತ್ರದಲ್ಲಿರುವ ಕೆಲವು ಎಂಜಿನಿಯರುಗಳು, ಬೆಂಗಳೂರು